ಕಂಬದ ಬುಡದ ತಗ್ಗಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ತಗ್ಗು ಸಾಹೇಬರು,
ಸೇತುವೆಯ ನಡುಗಂಬದ ಬುಡ, ಹೊಳೆಯ ತಳ.
ವ್ಯಾಪ್ತಿ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ.

ಮಾನ್ಯರೇ,

ಮೊದಲಿಗೆ ಅಭಿನಂದನೆ. ಐದು ತಾಲ್ಲೂಕು, ಮೂರ್ನಾಲ್ಕು ಹೊಳೆ, ಲೆಕ್ಕವಿಲ್ಲದಷ್ಟು ಕಂಬ. ಇಷ್ಟನ್ನೂ ಒಬ್ಬರೇ ಸಂಭಾಳಿಸುತ್ತಿದ್ದೀರಿ. ಖುರ್ಚಿ ಇಲ್ಲ, ಜೀಪಿಲ್ಲ, ವರ್ಗಾವಣೆಯ ಭಯವೂ ಇಲ್ಲ. ರಸ್ತೆಯ ಮೇಲಿರುವ ನಿಮ್ಮ ಅಣ್ಣತಮ್ಮಂದಿರ ಆಳ ಗೇಣುದ್ದ. ಆದರೂ ಅವರಲ್ಲಿ ನೀರು ನಿಂತರೆ ಸಾಕು, ಯಾರಾದರೂ ಭತ್ತದ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ, ಮರುದಿನ ಪೇಪರಿನ ಒಳಪುಟದಲ್ಲಿ ನಾಲ್ಕು ಕಾಲಂ ಸುದ್ದಿ. ನಿಮ್ಮ ಆಳವೋ ಎರಡಾಳು, ಮೂರಾಳು. ನಿಮ್ಮ ಹೆಸರಿನಲ್ಲಿ ಒಂದು ಮನವಿಪತ್ರವಾಗಲಿ ಒಂದು ರಸ್ತೆ ತಡೆಯಾಗಲಿ ಆದದ್ದನ್ನು ನಾನು ಕೇಳಿಲ್ಲ. ಈ ಅನ್ಯಾಯ ನೋಡಲಾಗದೆ ಬರೆಯುತ್ತಿದ್ದೇನೆ.

ನಮ್ಮ ಕಡೆ ಜುಲೈ ಹಿಡಿಯಿತೆಂದರೆ ಎಲ್ಲರ ಬಾಯಲ್ಲೂ ಕ್ಯುಸೆಕ್. ಕೊಯ್ನಾ ಅಣೆಕಟ್ಟೆಯಿಂದ ಎಷ್ಟು ಬಿಟ್ಟರು, ರಾಜಾಪುರ ಬ್ಯಾರೇಜ್ ದಾಟಿ ಎಷ್ಟು ಬಂತು, ಕಾಳಮ್ಮವಾಡಿ ತುಂಬಿತೇ, ರಾಧಾನಗರಿಯ ಗೇಟು ತಾವಾಗಿಯೇ ಎಷ್ಟು ಎದ್ದವು ಎಂಬುದನ್ನು ಚಹಾದಂಗಡಿಯ ಕಟ್ಟೆಯ ಮೇಲಿನ ಅಜ್ಜ ಯಾವ ಅಧಿಕಾರಿಗಿಂತಲೂ ಮೊದಲೇ ಹೇಳುತ್ತಾನೆ. ಆಮೇಲೆ ಬರುವ ತಲೆಬರಹವೂ ಬಾಯಿಪಾಠ: ಕೆಳಹಂತದ ಸೇತುವೆಗಳು ಜಲಾವೃತ, ಸಂಪರ್ಕ ಕಡಿತ. ಕೃಷ್ಣೆಯ ಮೇಲೆ ಕಲ್ಲೋಳ–ಯಡೂರ, ದೂಧಗಂಗೆಯ ಮೇಲೆ ಮಲಿಕವಾಡ–ದತ್ತವಾಡ ಮತ್ತು ಕಾರದಗಾ–ಭೋಜ, ವೇದಗಂಗೆಯ ಮೇಲೆ ಅಕ್ಕೋಳ–ಸಿದ್ನಾಳ, ಜತ್ರಾಟ–ಭಿವಶಿ, ಕುನ್ನೂರ–ಬಾರವಾಡ. ವರದಿಗಾರ ಹೋದ ವರ್ಷದ ಸುದ್ದಿಯನ್ನೇ ತೆಗೆದು ದಿನಾಂಕ ತಿದ್ದಿ ಕಳಿಸಿದರೂ ಹೆಚ್ಚಿನ ತಪ್ಪಾಗದು. ಅತ್ತ ನರಸೋಬಾವಾಡಿಯಲ್ಲಿ ದತ್ತನ ಗುಡಿಯೊಳಗೆ ನೀರು ಹೊಕ್ಕು ದಕ್ಷಿಣದ ಬಾಗಿಲಿನಿಂದ ಹೊರಬಂದರೆ ಭಕ್ತರಿಗೆ ಅದೇ ಪುಣ್ಯಸ್ನಾನ. ಇತ್ತ ಯಡೂರಿನ ವೀರಭದ್ರನ ಗುಡಿಯ ಸುತ್ತಲೂ ನೀರು. 2005, 2019, 2021ರಂಥ ವರ್ಷ ಬಂದರೆ ಕೆಳಹಂತ ಮೇಲ್ಹಂತ ಎಂಬ ಭೇದವೂ ಉಳಿಯುವುದಿಲ್ಲ. 2019ರಲ್ಲೂ 2021ರಲ್ಲೂ ವೇದಗಂಗೆ ಯಮಗರ್ಣಿ ಹತ್ತಿರ ಪುಣೆ–ಬೆಂಗಳೂರು ಹೆದ್ದಾರಿಯನ್ನೇ ಹತ್ತಿ ಕೂತಳು. ಲಾರಿಗಳ ಸಾಲು ಎಲ್ಲಿಯವರೆಗೆ ಇತ್ತೆಂದು ನೋಡಲು ಮೊಬೈಲ್ ಹಿಡಿದವರು ಸಾವಿರಾರು. ನೀರಿನ ಕೆಳಗೆ ಆ ಹೊತ್ತಿನಲ್ಲಿ ನಿಮ್ಮ ಕೆಲಸ ಭರದಿಂದ ಸಾಗಿತ್ತು. ಒಬ್ಬರೂ ನಿಮ್ಮ ಕಡೆ ಮೊಬೈಲ್ ತಿರುಗಿಸಲಿಲ್ಲ.

ನೀರು ಇಳಿಯುತ್ತದೆ. ಜೆಸಿಬಿ ಬಂದು ಕಟಕಟೆಗೆ ಸಿಕ್ಕಿದ ಕಬ್ಬಿನ ರವದಿ, ಜಲಪರ್ಣಿ, ಬೇರುಸಹಿತ ಬಂದ ಜಾಲಿಮರ, ಒಮ್ಮೊಮ್ಮೆ ಯಾರದೋ ಮನೆಯ ಬಾಗಿಲು, ಎಲ್ಲವನ್ನೂ ಎತ್ತಿ ಹೊಳೆಗೇ ಚೆಲ್ಲುತ್ತದೆ. ಸಲಿಕೆಯಿಂದ ರಾಡಿ ಬಳಿದು ಟ್ಯಾಂಕರ್ ನೀರು ಹೊಡೆಯುತ್ತಾರೆ. ಮೇಲೆ ಸಿಮೆಂಟ್ ಕಾಣಿಸಿದರೆ ಆಯಿತು, ಸಂಚಾರಕ್ಕೆ ಮುಕ್ತ. ಮೊದಲ ಬೈಕು ದಾಟುತ್ತದೆ, ಹಿಂದೆಯೇ ಹಾಲಿನ ಗಾಡಿ. "ಹೊಳಿ ಇಳದೈತ್ರಿ, ಬ್ರಿಜ್ ಚಾಲೂ ಆಗೈತಿ" ಎಂದು ಫೋನು ಓಡುತ್ತದೆ. ಬ್ರಿಜ್ ಯಾವುದರ ಮೇಲೆ ನಿಂತಿದೆ ಎಂದು ಕೇಳುವವನು ಆ ಹೊತ್ತಿಗೆ ಅರೆಹುಚ್ಚನಂತೆ ಕಾಣುತ್ತಾನೆ. ನಾನು ಕೇಳಿ ನೋಡಿದ್ದೇನೆ. "ಕಂಬ ಅದಾವಲ್ರೀ" ಎಂಬ ಉತ್ತರ ಬಂತು.

ಇಲ್ಲೇ ನಿಮ್ಮ ಕೈಚಳಕ ಇರುವುದು. ತಿಳಿಯದವರಿಗಾಗಿ ನಾನೇ ವಿವರಿಸುತ್ತೇನೆ, ತಪ್ಪಿದ್ದರೆ ತಿದ್ದಿ. ತುಂಬಿದ ಹೊಳೆ ಕಂಬಕ್ಕೆ ಬಂದು ಬಡಿದಾಗ ನೀರಿಗೆ ಮುಂದೆ ಹೋಗಲು ಜಾಗವಿಲ್ಲ. ಒಂದು ಪಾಲು ಕಂಬದ ಮೂಗಿನ ಗುಂಟ ಸೀದಾ ಕೆಳಗೆ ಧುಮುಕುತ್ತದೆ. ತಳ ಮುಟ್ಟಿದ್ದೇ ಹಿಂದಕ್ಕೆ ಸುರುಳಿ ಸುತ್ತಿ, ಕಂಬದ ಎರಡೂ ಮಗ್ಗುಲಿಗೆ ಲಾಳದ ಆಕಾರದ ಸುಳಿಯಾಗಿ ಹರಿದು, ಬುಡದ ಉಸುಕನ್ನು ಎಬ್ಬಿಸಿ ಕೆಳಗಡೆಗೆ ಸಾಗಿಸುತ್ತದೆ. ಹರಿವ ನೀರಿನಲ್ಲಿ ನಿಂತಾಗ ಹಿಮ್ಮಡಿಯ ಕೆಳಗಿನ ಉಸುಕು ಜಾರಿ ನಾವು ವಾಲುತ್ತೇವಲ್ಲ, ಕಂಬಕ್ಕೂ ಅದೇ ಗತಿ. ಹೀಗೆ ನೀವು ಹುಟ್ಟುತ್ತೀರಿ, ಮಹಾಪೂರ ಏರಿದಂತೆ ಬೆಳೆಯುತ್ತೀರಿ, ನೀರು ಉತ್ತುಂಗದಲ್ಲಿದ್ದಾಗ ನಿಮ್ಮದೂ ಭರ್ತಿ ವಯಸ್ಸು. ಆಮೇಲೆ ನೀರು ಇಳಿಯತೊಡಗಿದಾಗ, ಸೆಳವು ಸತ್ತಾಗ, ಅದೇ ಹೊಳೆ ಮೇಲಿನಿಂದ ತಂದ ರಾಡಿ ಉಸುಕನ್ನು ನಿಮ್ಮೊಳಗೆ ಸುರಿದು ಸಪಾಟು ಮಾಡಿಬಿಡುತ್ತದೆ. ಜನವರಿಯಲ್ಲಿ ಯಾರಾದರೂ ಪ್ಯಾಂಟು ಮಡಚಿ ಇಳಿದು ನೋಡಿದರೆ ತಳ ಸಪಾಟು, ಕಂಬ ನೆಟ್ಟಗೆ, ಎಲ್ಲ ಸುವ್ಯವಸ್ಥಿತ. ಆ ಹೊಸ ಉಸುಕು ಸಡಿಲ. ಹಳೆಯ ತಳದಂತೆ ಬಿಗಿಯಾಗಿ ಕೂತು ಕಂಬವನ್ನು ಹಿಡಿಯುವುದು ಅದರಿಂದಾಗದು, ಮುಂದಿನ ಪೂರಕ್ಕೆ ಮೊದಲು ಹೋಗುವುದೂ ಅದೇ. ಇದು ಕಣ್ಣಿಗೆ ಕಾಣುವುದಿಲ್ಲ. ಸ್ಥಳ ಪರಿಶೀಲನೆಯ ಫೋಟೊದಲ್ಲಂತೂ ಕಾಣುವುದೇ ಇಲ್ಲ. ಇಷ್ಟು ಅಚ್ಚುಕಟ್ಟಾಗಿ ಕಡತ ಮುಚ್ಚುವ ಸಿಬ್ಬಂದಿ ಬೇರೆ ಎಲ್ಲಿದ್ದಾರೆ?

ನಿಮ್ಮ ಜಾತಕ ಬರೆದವರು ಇಲ್ಲವೆಂದಲ್ಲ. ಉತ್ತರ ಹಿಂದುಸ್ತಾನದ ಕಾಲುವೆಗಳನ್ನು ಅಳೆದೂ ಅಳೆದೂ ಜೆರಾಲ್ಡ್ ಲೇಸಿ ಎಂಬ ನೀರಾವರಿ ಎಂಜಿನಿಯರು 1930ರಲ್ಲಿ ಒಂದು ಸೂತ್ರ ಕೊಟ್ಟ. ನಮಗೆ ಹತ್ತಿರದ್ದೇ ಆದ, 1916ರಲ್ಲಿ ಶುರುವಾದ ಪುಣೆಯ ಖಡಕವಾಸಲಾ ಸಂಶೋಧನಾ ಕೇಂದ್ರದ ಕ್ಲಾಡ್ ಇಂಗ್ಲಿಸ್ ದೊಡ್ಡ ದೊಡ್ಡ ಸೇತುವೆಗಳ ಕಂಬದ ಬುಡ ಅಳೆಸಿ, ಲೇಸಿ ಹೇಳಿದ ಆಳದ ಸುಮಾರು ಎರಡು ಪಟ್ಟು ನೀವು ಇಳಿಯುತ್ತೀರೆಂದು ತೋರಿಸಿದ. ಇಂದಿಗೂ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸಂಹಿತೆ ನಡೆಯುವುದು ಈ ಇಬ್ಬರ ಮೇಲೆಯೇ. ಸೇತುವೆಯ ಪ್ರತಿ ಮೀಟರ್ ಅಗಲದಲ್ಲಿ ಸೆಕೆಂಡಿಗೆ ಎಷ್ಟು ಘನಮೀಟರ್ ನೀರು ಹಾಯುತ್ತದೋ ಅದರ ವರ್ಗ ಮಾಡು, ತಳದ ಉಸುಕಿನ ಗುಣಾಂಕದಿಂದ ಭಾಗಿಸು, ಘನಮೂಲ ತೆಗೆ, 1.34ರಿಂದ ಗುಣಿಸು. ಕಂಬದ ಹತ್ತಿರ ಅದರ ಎರಡು ಪಟ್ಟು, ದಡದ ಗೋಡೆಯ ಹತ್ತಿರ 1.27 ಪಟ್ಟು.

ಒಂದು ಕಾಲ್ಪನಿಕ ಸೇತುವೆ ಹಿಡಿಯೋಣ. ನಿಜವಾದದ್ದರ ಹೆಸರು ಹೇಳಿದರೆ ನಿಮಗೆ ಮುಜುಗರ. ನೀರು ಹಾಯುವ ಅಗಲ 400 ಮೀಟರ್, ಪೂರ ಸೆಕೆಂಡಿಗೆ 8,000 ಘನಮೀಟರ್, ಅಂದರೆ ನಮ್ಮ ಭಾಷೆಯಲ್ಲಿ 2 ಲಕ್ಷ 80 ಸಾವಿರ ಕ್ಯುಸೆಕ್ ಚಿಲ್ಲರೆ. ತಳದಲ್ಲಿ ಅರ್ಧ ಮಿಲಿಮೀಟರಿನ ಉಸುಕು. ಲೆಕ್ಕ ಹಾಕಿದರೆ ಕಂಬದ ಬುಡದಲ್ಲಿ ಕೊರೆತ, ಪೂರದ ಮಟ್ಟದಿಂದ ಕೆಳಕ್ಕೆ, 18.4 ಮೀಟರ್. ಅದಕ್ಕೂ ಮೂರನೇ ಒಂದು ಪಾಲು ಕೆಳಗೆ ಅಡಿಪಾಯ ಹಿಡಿತ ಪಡೆಯಬೇಕು, ಅಂದರೆ ಸುಮಾರು 24.5 ಮೀಟರ್. ಆ ದಿನ ನೀರು 12 ಮೀಟರ್ ನಿಂತಿದ್ದರೆ ಹೊಳೆಯ ತಳದ ಕೆಳಗೆ ನಿಮ್ಮ ಪಾಲು ಆರು ಮೀಟರಿಗೂ ಮಿಗಿಲು. ಅದರ ಕೆಳಗೆ ಮತ್ತೆ ಆರು ಮೀಟರ್ ಕಂಬಕ್ಕೆ ಬೇಕು.

ಈಗ ಯಾರೋ ಜಾಣರು ಎದ್ದು, ಹೊಳೆ ಬೇಸಿಗೆಯಲ್ಲಿ ಇಷ್ಟೇ ಇಷ್ಟು ಹರಿಯುತ್ತದೆ, 400 ಮೀಟರ್ ಸೇತುವೆ ಯಾಕೆ, ಎರಡೂ ಕಡೆ ಮಣ್ಣಿನ ಏರಿ ಹಾಕಿ 300ಕ್ಕೆ ಇಳಿಸಿ, ದುಡ್ಡು ಉಳಿಯುತ್ತದೆ ಎನ್ನುತ್ತಾರೆ. ಉಳಿಯುತ್ತದೆ, ನಿಜ. ಅದೇ ಸೂತ್ರ, ಅದೇ ನೀರು, ಅದೇ ಉಸುಕು: ನಿಮ್ಮ ಆಳ 18.4ರಿಂದ 22.2 ಮೀಟರಿಗೆ ಇಳಿಯಿತು. ಏರಿಯಲ್ಲಿ ಉಳಿಸಿದ 100 ಮೀಟರನ್ನು ಹೊಳೆ ಕೆಳಗಿನಿಂದ ವಸೂಲಿ ಮಾಡಿತು. ಅಡಿಪಾಯವನ್ನೂ ಅಷ್ಟೇ ಆಳಕ್ಕೆ ಇಳಿಸಿದ್ದರೆ ಹಿಸಾಬು ಸರಿಹೋದೀತು. ಹಳೆಯ ನಕ್ಷೆಯ ಆಳವನ್ನೇ ಇಟ್ಟುಕೊಂಡು ಉದ್ದವನ್ನಷ್ಟೇ ಕತ್ತರಿಸಿದರೆ ಅದು ನಿಮಗೆ ಬರೆದುಕೊಟ್ಟ ಇನಾಮು. ಮೇಲಾಗಿ ಅಡಿಪಾಯದ ಲೆಕ್ಕಕ್ಕೆ ವಿನ್ಯಾಸದ ಪೂರವನ್ನು ಶೇ 10ರಿಂದ 30ರವರೆಗೆ ಹಿಗ್ಗಿಸಬೇಕೆಂದು ಸಂಹಿತೆ ಹೇಳುತ್ತದೆ. ಜಲಾನಯನ ಚಿಕ್ಕದಾದಷ್ಟೂ ಹೆಚ್ಚು. ವೇದಗಂಗೆಯಂಥ ಚಿಕ್ಕ ಹೊಳೆಗೇ ದೊಡ್ಡ ಶೇಕಡಾ. ಚಿಕ್ಕ ಹೊಳೆ ಎಂದು ಎಲ್ಲರೂ ಸಲೀಸಾಗಿ ಕಾಣುವುದೂ ಅದನ್ನೇ.

ನಮ್ಮ ಬೇಡಿಕೆಗಳನ್ನು ನೀವು ಕೇಳಿರಬೇಕು. ಪ್ರತಿ ಪೂರದ ನಂತರ ಎತ್ತರದ ಸೇತುವೆ ಕಟ್ಟಿ ಎಂದು ಬೇಡುತ್ತೇವೆ. ಬೇಡಿಕೆ ನ್ಯಾಯದ್ದೇ, ಅದರಲ್ಲಿ ಎರಡು ಮಾತಿಲ್ಲ. ಕಲ್ಲೋಳದ ಸೇತುವೆ ಮುಳುಗಿದಾಗ ಬಾಣಂತಿಯನ್ನು ಮಾಂಜರಿ ಕಡೆಯಿಂದ ಸುತ್ತಿಸಿಕೊಂಡು ಹೋಗುವವನ ಸಂಕಟ ಸೂತ್ರದಲ್ಲಿ ಹಿಡಿಯುವುದಿಲ್ಲ. ಆದರೆ ಆಳದ ಸೇತುವೆ ಕಟ್ಟಿ ಎಂದು ಘೋಷಣೆ ಕೂಗಿದವರು ಯಾರು? ಎತ್ತರ ದೂರದಿಂದ ಕಾಣುತ್ತದೆ, ಅದರ ಮೇಲೆ ಬ್ಯಾನರ್ ಕಟ್ಟಬಹುದು. ಆಳದ ಮೇಲೆ ಯಾರ ಹೆಸರೂ ಬರೆಯಲಾಗದು. ಅದೂ ಅಲ್ಲದೆ ಎತ್ತರ ಮಾಡಿದ ಮೇಲೆ ಅಲ್ಲಿಗೆ ಹತ್ತಲು ಎರಡೂ ಕಡೆ ಉದ್ದನೆಯ ಮಣ್ಣಿನ ಏರಿ ಬೇಕಲ್ಲ, ಅದು ಹೊಳೆಯ ಹರವಿಗೆ ಅಡ್ಡ ಬಿದ್ದು ಇಡೀ ಪೂರವನ್ನು ಕಂಬಗಳ ನಡುವಿನ ಸಂದಿಗೆ ತಳ್ಳುತ್ತದೆ. ಮೇಲ್ಬದಿಯ ಊರಿಗೆ ನೀರು ನುಗ್ಗುತ್ತದೆ, ಕೆಳಗೆ ನಿಮ್ಮ ಹೊಟ್ಟೆ ತುಂಬುತ್ತದೆ. ಏರಿ ಬೇಡ, ಕಂಬದ ಮೇಲೆಯೇ ರಸ್ತೆ ಒಯ್ಯಿರಿ ಎನ್ನುವ ಹೊಳೆದಂಡೆಯ ರೈತ ಲೇಸಿಯನ್ನು ಓದಿಲ್ಲ. ಅವನ ಕಬ್ಬು ಎಷ್ಟು ದಿನ ನೀರಲ್ಲಿ ನಿಂತಿತೆಂಬುದು ಅವನಿಗೆ ಗೊತ್ತು.

ಹಾಗೆಂದು ಕೆಳಹಂತದ ಸೇತುವೆ ನಿಮಗೆ ವೈರಿಯೂ ಅಲ್ಲ. ನೀರು ಅದರ ಸ್ಲ್ಯಾಬಿನ ಅಡಿ ಮುಟ್ಟಿತೆಂದರೆ ಕೆಳಗೆ ಹಾಯುವ ನೀರಿಗೆ ಮೇಲೆ ಏಳಲು ದಾರಿಯಿಲ್ಲ. ಸ್ಲ್ಯಾಬು ಅದನ್ನು ಒತ್ತುತ್ತದೆ, ಅದು ತಳವನ್ನು ಒತ್ತುತ್ತದೆ. ಪೂರ್ತಿ ಮುಳುಗಿದ ಮೇಲೆ ಒಂದಷ್ಟು ನೀರು ಮೇಲಿಂದ ಹಾದುಹೋದರೂ ಕೆಳಗಿನ ಒತ್ತಡ ಬಿಡುವುದಿಲ್ಲ. ಅದರ ಜತೆಗೆ ರವದಿ ಮತ್ತು ಜಲಪರ್ಣಿ. ಒಂದೂವರೆ ಮೀಟರಿನ ಕಂಬಕ್ಕೆ ಕಸದ ಗಂಟು ಸಿಕ್ಕಿಕೊಂಡರೆ ಹೊಳೆಯ ಪಾಲಿಗೆ ಅದು ನಾಲ್ಕು ಮೀಟರಿನ ಕಂಬ. ನೀವು ದಪ್ಪ ಕಂಬ ನೋಡಿದರೆ ಆಳಕ್ಕಿಳಿಯುವವರು. ಇನ್ನು ನಮ್ಮ ಬಾಂದಾರಗಳು, ಕೊಲ್ಹಾಪುರ ಮಾದರಿಯವು. ಮಳೆಗಾಲ ಮುಗಿದ ಮೇಲೆ ಕಂಬಗಳ ನಡುವಿನ ಖಾಂಚಿಗೆ ಹಲಗೆ ಇಳಿಸಿ ನೀರು ನಿಲ್ಲಿಸು, ಮಳೆಗಾಲಕ್ಕೆ ಮುಂಚೆ ಹಲಗೆ ಎತ್ತು. ಕಬ್ಬಿಗೆ ನೀರು, ಮೇಲೆ ದಾರಿ, ಒಂದೇ ಖರ್ಚಿನಲ್ಲಿ ಎರಡು ಕೆಲಸ. ನಿಜಕ್ಕೂ ಜಾಣ ಕಲ್ಪನೆ. ಹಲಗೆ ಎತ್ತುವುದು ನಾಲ್ಕು ದಿನ ತಡವಾಗಿ, ಆಷಾಢದ ಮೊದಲ ನೀರು ಅದರ ಮೇಲಿಂದ ಧುಮುಕತೊಡಗಿದರೆ, ಕೆಳಬದಿಯಲ್ಲಿ ನಿಮಗೆ ಹಬ್ಬ. ಅದಕ್ಕೇ ಬಾಂದಾರದ ಕೆಳಗೆ ಕಾಂಕ್ರೀಟ್ ಹಾಸು, ಹಾಸಿನ ತುದಿಗೆ ಆಳದ ಅಡ್ಡಗೋಡೆ, ಅದರಾಚೆ ತಾನಾಗಿ ಜಾರಿ ಕುಳಿತುಕೊಳ್ಳುವ ದಪ್ಪ ಕಲ್ಲಿನ ರಾಶಿ ಬೇಕು. ಕೆಳಬದಿಯ ಗೋಡೆ ಮೇಲ್ಬದಿಯದಕ್ಕಿಂತ ಆಳವಿರಬೇಕು. ಸುಮ್ಮನೆ ಟಿಪ್ಪರಿನಿಂದ ಕಲ್ಲು ಸುರಿದರೆ ಸಾಲದು. ಕಲ್ಲಿನ ಕೆಳಗೆ ಖಡಿ, ಖಡಿಯ ಕೆಳಗೆ ದಪ್ಪ ಉಸುಕು ಎಂದು ಪದರ ಹಾಕದಿದ್ದರೆ ಉಸುಕು ಕಲ್ಲಿನ ಸಂದಿಯಿಂದ ಜಾರಿ ಹೋಗುತ್ತದೆ, ಕಲ್ಲು ಒಂದೊಂದಾಗಿ ನಿಮ್ಮ ಹೊಟ್ಟೆಗೆ ಇಳಿಯುತ್ತದೆ. ಬಿಲ್ಲಿನಲ್ಲಿ ಮಾತ್ರ ಕಲ್ಲು ಇದ್ದಲ್ಲೇ ಇರುತ್ತದೆ.

ಇದಕ್ಕೆ ಯಾರಾದರೂ, ನಮ್ಮ ಕಡೆ ಕೆಳಗೆ ಕರಿಕಲ್ಲು ಇದೆಯಲ್ಲ, ತಗ್ಗು ಬೀಳುವುದೆಲ್ಲಿಂದ ಎಂದು ಹೇಳಬಹುದು. ಇದ್ದಲ್ಲಿ ಇದೆ, ಅದು ದೇವರ ದಯೆ. ಆದರೆ ಮೇಲೆ ಎರೆಮಣ್ಣು, ಕೆಳಗೆ ಮುರುಮು, ಅದರ ಕೆಳಗೆ ಬಿರುಕುಬಿಟ್ಟ ಅರೆಗಲ್ಲು, ಆಮೇಲೆ ಗಟ್ಟಿಕಲ್ಲು. ಗಟ್ಟಿಕಲ್ಲಿನೊಳಗೆ 0.6 ಮೀಟರ್, ಅಲ್ಲದಿದ್ದರೆ 1.5 ಮೀಟರ್ ಕೊರೆದು ಕೂರಿಸಬೇಕೆಂದು ಸಂಹಿತೆಯಲ್ಲಿದೆ. ಗುದ್ದಲಿಗೆ ಟಣ್ ಎಂದ ಕೂಡಲೇ ಕಲ್ಲು ಸಿಕ್ಕಿತೆಂದು ಕಾಂಕ್ರೀಟ್ ಸುರಿದರೆ ಅದು ಅರೆಗಲ್ಲಿನ ಪದರವೋ ಬಿಡಿ ಬಂಡೆಯೋ ಎಂದು ಮೊದಲು ಪತ್ತೆ ಹಚ್ಚುವವರು ನೀವೇ. ಲೇಸಿಯ ಸೂತ್ರಕ್ಕೆ ಉಸುಕು ಗೊತ್ತು, ಮುರುಮು ಗೊತ್ತಿಲ್ಲ. ಆದ್ದರಿಂದ ಪ್ರತಿ ಕಂಬದ ಜಾಗದಲ್ಲೂ ಬೋರ್ ಕೊರೆದು ನೋಡದೆ ಬೇರೆ ದಾರಿಯಿಲ್ಲ. ಕಂಬಗಳು ಕಲ್ಲಿನ ಮೇಲೆ ಗಟ್ಟಿಯಾಗಿ ನಿಂತ ಕಡೆಯೂ ತುದಿಯ ಗೋಡೆ ಎರೆಮಣ್ಣಿನ ದಡದಲ್ಲಿರುತ್ತದೆ. ಹೊಳೆ ಕಂಬದ ಗೊಡವೆ ಬಿಟ್ಟು ದಡವನ್ನು ಬಳಸಿಕೊಂಡು ಹೋಗುತ್ತದೆ. ಆಮೇಲೆ ಸೇತುವೆ ಭದ್ರ, ರಸ್ತೆ ನಾಪತ್ತೆ.

ನಿಮ್ಮ ಬಂಧುಬಳಗದ ಕೀರ್ತಿಯೂ ನನಗೆ ತಿಳಿದಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಸ್ಕೊಹಾರಿ ಹೊಳೆಯ ಹೆದ್ದಾರಿ ಸೇತುವೆ 1987ರ ಏಪ್ರಿಲ್ 5ರಂದು ಬಿದ್ದು 10 ಜನ ಸತ್ತರು. ಅಡಿಪಾಯ ಆಳವಿರಲಿಲ್ಲ, ಅದನ್ನು ಕಾಯಲು ಹಾಕಿದ್ದ ಕಲ್ಲು ಹಿಂದಿನ ಪೂರಗಳಲ್ಲಿ ಸರಿದದ್ದನ್ನು ಯಾರೂ ತುಂಬಿರಲಿಲ್ಲ. ಆಮೇಲೆ ಆ ದೇಶ ನೀರಿನ ಕೆಳಗೂ ಮುಳುಗುಗಾರರನ್ನು ಇಳಿಸಿ ನೋಡುವುದನ್ನು ಕಡ್ಡಾಯ ಮಾಡಿತು. ಪೋರ್ಚುಗಲ್ಲಿನ ಎಂತ್ರೆ-ಒಸ್-ರಿಯೊಸ್ ಎಂಬಲ್ಲಿ 2001ರ ಮಾರ್ಚ್ 4ರ ರಾತ್ರಿ ಡೌರೊ ನದಿಯ ಹಳೆಯ ಸೇತುವೆಯ ಕಂಬ ಕುಸಿದು, ಒಂದು ಬಸ್ಸು ಮತ್ತು ಮೂರು ಕಾರುಗಳಲ್ಲಿದ್ದ 59 ಜನ ನೀರುಪಾಲಾದರು. ವರ್ಷಗಟ್ಟಲೆ ಅಲ್ಲಿ ಮರಳು ತೆಗೆದಿದ್ದರು. ತಳವೇ ಕೆಳಗಿಳಿದಿತ್ತು, ನಿಮ್ಮ ಬಳಗದವರಿಗೆ ಕೊನೆಯ ಕೆಲಸವಷ್ಟೇ ಉಳಿದಿತ್ತು. ಅಲ್ಲಿಯ ಸಚಿವರು ಕೂಡಲೇ ರಾಜೀನಾಮೆ ಕೊಟ್ಟರು. ಇದನ್ನು ಓದಿ ನಮ್ಮ ಕಡೆಯವರು ಯಾರೂ ಗಾಬರಿಯಾಗಬೇಕಿಲ್ಲ, ಅದು ಪೋರ್ಚುಗಲ್. ಆದರೆ ಮರಳಿನ ಟ್ರ್ಯಾಕ್ಟರು ರಾತ್ರಿ ಯಾವ ಕಡೆಯಿಂದ ಹೊಳೆಗೆ ಇಳಿಯುತ್ತದೆಂಬುದು ಪೋರ್ಚುಗೀಸರಿಗಿಂತ ನಮಗೇ ಚೆನ್ನಾಗಿ ಗೊತ್ತು. ಸೇತುವೆಯ ಆಸುಪಾಸು ಮರಳು ತೆಗೆಯಬಾರದೆಂಬ ನಿಯಮ ಇದೆ. ಟ್ರ್ಯಾಕ್ಟರಿಗೆ ಓದು ಬರುವುದಿಲ್ಲ.

ಹತ್ತಿರದ್ದನ್ನೂ ಹೇಳಿಬಿಡುತ್ತೇನೆ. ನಮ್ಮ ಕೃಷ್ಣೆಯೂ ಕೊಂಕಣಕ್ಕಿಳಿಯುವ ಸಾವಿತ್ರಿಯೂ ಮಹಾಬಳೇಶ್ವರದ ಒಂದೇ ಗುಡಿಯಲ್ಲಿ ಹುಟ್ಟಿದ ಅಕ್ಕತಂಗಿಯರೆಂದು ನಂಬಿಕೆ. 2016ರ ಆಗಸ್ಟ್ 2ರ ರಾತ್ರಿ ಮಹಾಡ ಹತ್ತಿರ ಸಾವಿತ್ರಿಯ ಬ್ರಿಟಿಷ್ ಕಾಲದ ಕಲ್ಲಿನ ಸೇತುವೆ ಪೂರದಲ್ಲಿ ಕೊಚ್ಚಿಹೋಯಿತು. ಕತ್ತಲಲ್ಲಿ ಬಂದ ಎರಡು ಎಸ್.ಟಿ. ಬಸ್ಸುಗಳು ಸೇತುವೆ ಇಲ್ಲದ ಜಾಗಕ್ಕೆ ಬಂದು ಬಿದ್ದವು. ಆ ಸೇತುವೆಯ ತಪಾಸಣೆ ಅದೇ ವರ್ಷದ ಮೇ ತಿಂಗಳಲ್ಲಿ ಆಗಿತ್ತು, ಅಪಾಯವಿಲ್ಲ ಎಂಬ ವರದಿಯೂ ಇತ್ತು. ಮೇ ತಿಂಗಳಲ್ಲಿ ನೀವು ಸಿಗುವವರಲ್ಲ ಎಂದು ಯಾರಾದರೂ ಹೇಳಬೇಕಿತ್ತು. ಹೊಸ ಸೇತುವೆ ಮಾತ್ರ ವರ್ಷ ತುಂಬುವ ಮೊದಲೇ ಎದ್ದು ನಿಂತಿತು. ಕಟ್ಟುವುದು ನಮಗೆ ಕಷ್ಟವಲ್ಲ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ.

ನಿಮಗೆ ಇಷ್ಟವಾಗದ ಒಬ್ಬ ನೆರೆಯವರಿದ್ದಾರೆ, ಗೊತ್ತು. ಕುಡಚಿ–ಉಗಾರ ನಡುವೆ ರಸ್ತೆಯ ಸೇತುವೆ ಪೂರಕ್ಕೆ ಮುಳುಗುತ್ತದೆ. ಮಿರಜ ಕಡೆ ಹೋಗುವ ರೈಲಿನದು ಎತ್ತರದಲ್ಲಿ ನಿಂತಿದೆ. ರೈಲಿನವರು ಕಂಬಕ್ಕೆ ಅಪಾಯದ ಮಟ್ಟದ ಗೆರೆ ಎಳೆಯುತ್ತಾರೆ, ಮಳೆಗಾಲದಲ್ಲಿ ಆಯ್ದ ಸೇತುವೆಗಳಿಗೆ ಕಾವಲುಗಾರನನ್ನು ನಿಲ್ಲಿಸುತ್ತಾರೆ, ಕಂಬದ ಬುಡದ ಆಳ ಅಳೆದು ವಹಿಯಲ್ಲಿ ಬರೆಯುವ ಪದ್ಧತಿ ಇಟ್ಟುಕೊಂಡಿದ್ದಾರೆ. ಹೀಗೆ ಒಂದು ಹೊಳೆಯಲ್ಲಿ ಎರಡು ಸಂಪ್ರದಾಯ. ರಸ್ತೆಯವರ ಕೈಪಿಡಿಯಲ್ಲೂ ಕೊರೆತಕ್ಕೊಂದು ಕಾಲಂ ಇದೆ. ಆ ಕಾಲಂ ತುಂಬಲು ನೀವು ಸಹಕರಿಸುತ್ತಿಲ್ಲ ಎಂಬುದಷ್ಟೇ ತಕರಾರು.

ಆದ್ದರಿಂದ ಸವಿನಯ ವಿನಂತಿ. ತಾವು ದಯವಿಟ್ಟು ಕಚೇರಿ ವೇಳೆಯಲ್ಲಿ, ಮಾರ್ಚ್ ಅಂತ್ಯದ ಬಿಲ್ಲುಗಳ ಗಡಿಬಿಡಿ ಮುಗಿದ ಮೇಲೆ, ನೀರು ಮೊಣಕಾಲಷ್ಟಿದ್ದಾಗ, ಪೂರ್ತಿ ಆಳದೊಂದಿಗೆ ಖುದ್ದು ಹಾಜರಾಗಬೇಕು. ಅದು ಸಾಧ್ಯವಾಗದಿದ್ದರೆ ನಾವೇ ನಿಮ್ಮ ವೇಳೆಗೆ ಬರಬೇಕಾಗುತ್ತದೆ: ಜುಲೈ–ಆಗಸ್ಟಿನಲ್ಲಿ, ಹೊಳೆ ತುಂಬಿದ್ದಾಗ, ಎತ್ತರದ ಸೇತುವೆಗಳ ಮೇಲಿಂದ ಗುರುತು ಹಾಕಿದ ಹಗ್ಗಕ್ಕೆ ಭಾರ ಕಟ್ಟಿ ಇಳಿಸಿ, ಸೆಳವಿಗೆ ಹಗ್ಗ ನಿಲ್ಲದ ಕಡೆ ದೋಣಿಗೆ ಕಟ್ಟುವ ಸೋನಾರಿನಿಂದ, ಮುಳುಗುವ ಸೇತುವೆಗಳಲ್ಲಿ ಮೊದಲೇ ಕಂಬಕ್ಕೆ ಬಿಗಿದಿಟ್ಟ ಅಳತೆಯ ಉಪಕರಣದಿಂದ. ನೀರಿಳಿದ ಮೇಲೆ ಸಪಾಟಾಗಿ ಕಾಣುವ ತಳಕ್ಕೆ ಒಂದು ಕಬ್ಬಿಣದ ಸಲಾಕೆ ಚುಚ್ಚಿ ನೋಡುವುದೂ ಇದೆ. ಹಳೆಯ ತಳ ಸಲಾಕೆಯನ್ನು ತಡೆಯುತ್ತದೆ, ನೀವು ತುಂಬಿಟ್ಟ ಹೊಸ ಉಸುಕು ತಡೆಯದು. ಖರ್ಚು ಹೆಚ್ಚೇನಿಲ್ಲ. ಪೂರದ ನಂತರದ ಒಂದು ವೈಮಾನಿಕ ಸಮೀಕ್ಷೆಯ ಹಣದಲ್ಲಿ ಐದೂ ತಾಲ್ಲೂಕಿನ ಸೇತುವೆಗಳಿಗೆ ಹಗ್ಗ, ಸಲಾಕೆ ಬಂದು, ಅಳೆಯುವವರ ಚಹಾಕ್ಕೂ ಉಳಿದೀತು.

ಜತೆಗೆ ಪ್ರತಿ ಕಂಬದ ಮೇಲೆ, ಪೂರದ ಮಟ್ಟದ ಗೆರೆಯ ಪಕ್ಕದಲ್ಲೇ, ಅಡಿಪಾಯ ಎಷ್ಟು ಆಳಕ್ಕಿದೆ, ಕೊರೆತ ಎಷ್ಟಕ್ಕೆ ಬಂದರೆ ಗಾಡಿ ನಿಲ್ಲಿಸಬೇಕು ಎಂಬ ಎರಡು ಅಂಕಿಗಳನ್ನು ದಪ್ಪ ಅಕ್ಷರದಲ್ಲಿ ಬರೆಸುವ ವಿಚಾರವಿದೆ. ಕನ್ನಡದಲ್ಲೂ ಮರಾಠಿಯಲ್ಲೂ ಬರೆಸೋಣ, ಹೊಳೆಯ ಈ ದಂಡೆ ಆ ದಂಡೆ ಎರಡಕ್ಕೂ ತಿಳಿಯಲಿ. ಚಹಾದಂಗಡಿಯ ಅಜ್ಜ ಕ್ಯುಸೆಕ್ ಕಲಿತವನು ಇದನ್ನೂ ಕಲಿಯುತ್ತಾನೆ.

ಈ ಎರಡೂ ಕ್ರಮಗಳಿಗೆ ತಮ್ಮ ಆಕ್ಷೇಪಣೆ ಇದ್ದಲ್ಲಿ ಜೂನ್ 1ರೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ತಮ್ಮ ಒಪ್ಪಿಗೆ ಇದೆಯೆಂದೇ ಪರಿಗಣಿಸಲಾಗುವುದು.

ಇಂತಿ ತಮ್ಮ ವಿಶ್ವಾಸಿ,
ಚಿಕ್ಕೋಡಿ ಕಡೆಯ ಒಬ್ಬ ದಾರಿಹೋಕ